ಗಿಂಡಿಗೆ ಕಟ್ಟಿದ್ದ ನೀಲಿ ಹಗ್ಗ

ಮೇ ತಿಂಗಳಿಂದ ಒಂದು ವಿಷಯ ತಲೆಯಲ್ಲೇ ಕೂತಿದೆ. ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ಮಳೆ ಜೋರಾಗಿ ಎಚ್ಚರವಾದಾಗ ಅದೇ ನೆನಪಾಗುತ್ತದೆ. ಮನೆಯಲ್ಲಿ ಎಲ್ಲರ ಹತ್ತಿರ ಮಾತಾಡಿ ಆಯ್ತು. ಇನ್ನು ಬರೆದೇ ನೋಡಬೇಕು ಅನ್ನಿಸಿದೆ.

ಶುರುವಾದದ್ದು ಕಾರಿನ ಕೀ ಬಾವಿಗೆ ಬಿದ್ದದ್ದರಿಂದ.

ಅಪ್ಪನ ಮೂಲಮನೆ ಶಿರ್ವದ ಹತ್ತಿರ. ಈಗ ಅಲ್ಲಿ ದೊಡ್ಡಮ್ಮ ಮತ್ತು ಅವರ ದೊಡ್ಡ ಮಗನ ಸಂಸಾರ ಇದೆ. ಮಂಗಳೂರಿನಿಂದ ದೂರ ಏನಲ್ಲ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ದಾಟಿ ಕಟಪಾಡಿಯಲ್ಲಿ ಬಲಕ್ಕೆ ತಿರುಗಿದರೆ ಆಯ್ತು, ಮತ್ತೆ ಶಂಕರಪುರದ ಮೇಲೆ ಹೋಗುವ ದಾರಿ. ಒಂದೂವರೆ ಗಂಟೆ ಸಾಕು. ಆದರೂ ನಾವು ಹೋಗುವುದು ವರ್ಷಕ್ಕೆ ಎರಡು ಸಲ. ಹೋಗುವ ಮೊದಲು ಫೋನ್ ಮಾಡಿ ಹೇಳುತ್ತೇವೆ: "ಹತ್ತೂವರೆಗೆ ಬರ್ತೇವೆ, ಊಟಕ್ಕೆ ನಿಲ್ಲುವುದಿಲ್ಲ, ಎಂತದೂ ಮಾಡ್ಬೇಡಿ." ದೊಡ್ಡಮ್ಮ "ಆಯ್ತು" ಅನ್ನುತ್ತಾರೆ. ಆಮೇಲೆ ನೀರ್ ದೋಸೆಗೆ ಅಕ್ಕಿ ನೆನೆ ಹಾಕಿಯೇ ಹಾಕುತ್ತಾರೆ. ನಾವು ತಿಂದು, ಮಕ್ಕಳ ಕೈಯಲ್ಲಿ ಕಾಲು ಹಿಡಿಸಿ ನಮಸ್ಕಾರ ಮಾಡಿಸಿ, ಹಲಸಿನ ಹಪ್ಪಳದ ಕಟ್ಟು ಹಿಡಿದು ಹೊರಡುತ್ತೇವೆ. ಮೊದಲು ಹಾಗಿರಲಿಲ್ಲ. ನೆಂಟರು ಅಂದರೆ ಹೇಳದೆ ಬರುವವರು, ಬಂದರೆ ನಾಲ್ಕು ದಿನ ನಿಲ್ಲುವವರು. ಈಗ ನಾವು ಹೋಗುವುದು ಮುಖ ತೋರಿಸಲಿಕ್ಕೆ ಮಾತ್ರ, ಅಲ್ವಾ?

ಈ ಸಲವೂ ಹಾಗೇ ಹೊರಟದ್ದು. ನಾನು, ಯಜಮಾನರು, ಇಬ್ಬರು ಮಕ್ಕಳು, ಅಮ್ಮ. ಜಗಲಿ ಹತ್ತುವಾಗಲೇ ದೊಡ್ಡಮ್ಮ "ಆಸರಿಗೆ ಎಂತ ಬೇಕು?" ಅಂತ ಕೇಳಿದರು. ಬೆಲ್ಲ, ನೀರು ಬಂತು. ಬಾವಿಯ ನೀರು. ನನ್ನ ಮಗನಿಗೆ ಹತ್ತು ವರ್ಷ. ಅವನು ಹುಟ್ಟಿದಂದಿನಿಂದ ಕುಡಿದದ್ದು ತುಂಬೆಯ ಅಣೆಕಟ್ಟಿನಿಂದ ಪೈಪಿನಲ್ಲಿ ಬಂದ ನೇತ್ರಾವತಿ ನೀರು. "ಇದು ಸಿಹಿ ಯಾಕಿದೆ?" ಅಂತ ಕೇಳಿದ. ಬೆಲ್ಲ ಇನ್ನೂ ಬಾಯಿಗೆ ಹಾಕಿರಲಿಲ್ಲ ಅವನು. ಯಜಮಾನರಿಗೆ ಖುಷಿಯಾಯಿತು. "ಬಾ, ಬಾವಿ ತೋರಿಸ್ತೇನೆ" ಅಂತ ಎಬ್ಬಿಸಿಕೊಂಡು ಹೋದರು.

ನಮ್ಮ ಕಡೆಯ ಬಾವಿಗಳನ್ನು ನೋಡಿದವರಿಗೆ ಗೊತ್ತು. ಮುರಕಲ್ಲು ಕಡಿದು ತೋಡಿದ ಬಾವಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರು. ಜುಲೈ ಕೊನೆಗೆ ಬಗ್ಗಿ ಕೈಯಲ್ಲೇ ನೀರು ಮುಟ್ಟಬಹುದು ಅನ್ನುವಷ್ಟು ಮೇಲೆ ಬರುತ್ತದೆ. ಆದರೆ ಕಲ್ಲಿನ ತುಂಬ ತೂತು, ಕುಡಿದ ನೀರು ಅದರಲ್ಲಿ ನಿಲ್ಲುವುದಿಲ್ಲ. ಮೇ ಬರುವಾಗ ಬಾವಿ ತಳ ಕಾಣುತ್ತದೆ. ನಮ್ಮದು ಪೂರ್ತಿ ಬತ್ತಿದ್ದು ಯಾರಿಗೂ ನೆನಪಿಲ್ಲ. ಅವತ್ತು ಕೆಳಗೆ ಒಂದಾಳು ಮುಳುಗದಷ್ಟು ನೀರಿತ್ತು. ಮೀನು ತೋರಿಸಲಿಕ್ಕೆ ಅಂತ ಯಜಮಾನರು ಕಟ್ಟೆಯ ಮೇಲಿಂದ ಬಗ್ಗಿದರು. ಅಂಗಿಯ ಜೇಬಿನಿಂದ ಕೀ ಗೊಂಚಲು ಜಾರಿತು. ಗೋಡೆಗೆ ಎರಡು ಸಲ ಬಡಿದ ಶಬ್ದ, ಆಮೇಲೆ ಗುಳುಂ.

ಆ ಗೊಂಚಲಿನಲ್ಲಿ ಮನೆಯ ಕೀಯೂ ಇತ್ತು. ಇನ್ನೊಂದು ಕೀ ನಮ್ಮ ಫ್ಲ್ಯಾಟಿನ ಎದುರು ಮನೆಯವರ ಹತ್ತಿರ, ಅವರು ಬೆಂಗಳೂರಿನಲ್ಲಿ. ಅಂತೂ ಒಂದು ಗಂಟೆಗೆ ಅಂತ ಬಂದವರು ಅಲ್ಲೇ ಕೂತೆವು.

ಪಾತಾಳಗರಡಿ

ಅಣ್ಣ, ಅಂದರೆ ದೊಡ್ಡಮ್ಮನ ದೊಡ್ಡ ಮಗ, ಮೊದಲು ಹೇಳಿದ್ದೇ "ಪಾತಾಳಗರಡಿ ತರುವ" ಅಂತ. ನನ್ನ ಮಗಳು ಅದು ಎಂತದು ಅಂತ ಕೇಳಿದಳು. ನನಗೂ ಅದನ್ನು ನೋಡದೆ ಇಪ್ಪತ್ತೈದು ವರ್ಷ ಆಗಿರಬೇಕು. ಕಬ್ಬಿಣದ ಬಳೆ, ಅದರ ಸುತ್ತ ಕೊಕ್ಕೆಗಳು, ಕೊಕ್ಕೆಗಳಿಗೆ ಮತ್ತೆ ಕೊಕ್ಕೆಗಳು. ಬಳ್ಳಿ ಕಟ್ಟಿ ಬಾವಿಗೆ ಇಳಿಸಿ, ತಳದಲ್ಲಿ ಮೆಲ್ಲ ಎಳೆದರೆ ಬಿದ್ದ ಕೊಡಪಾನದ ಕುತ್ತಿಗೆಗೋ ಬಾಲ್ದಿಯ ಹಿಡಿಗೋ ಸಿಕ್ಕಿಕೊಳ್ಳುತ್ತದೆ. ಊರಿಗೆ ಒಂದೋ ಎರಡೋ ಇರುತ್ತಿತ್ತು, ಎಲ್ಲರ ಮನೆಗೂ ತಿರುಗುತ್ತಿತ್ತು. ನಮ್ಮ ಹತ್ತಿರದಲ್ಲಿ ಅದು ಇರುವುದು ಗುಡ್ಡದ ಮೇಲಿನ ಮನೆಯಲ್ಲಿ. ಅಲ್ಲಿಯ ಅಜ್ಜ ಅದನ್ನು ಸುಮ್ನೆ ಕೊಡುವುದಿಲ್ಲ. ಕೊಂಡು ಹೋಗುವವರು ಒಂದು ಪಾತ್ರೆ ಇಟ್ಟು ಹೋಗಬೇಕು. ಅವರ ಅಪ್ಪನ ಕಾಲದಿಂದ ನಡೆದು ಬಂದ ಕ್ರಮ. ದೊಡ್ಡಮ್ಮ ಒಂದು ಹಿತ್ತಾಳೆ ತಂಬಿಗೆ ಕೊಟ್ಟು ಕಳಿಸಿದರು. ಅಣ್ಣ ಅದನ್ನು ಇಟ್ಟು ಪಾತಾಳಗರಡಿ ತಂದ. ತುಕ್ಕು ಹಿಡಿದಿತ್ತು, ಆದರೆ ಕೊಕ್ಕೆ ಒಂದೂ ಮುರಿದಿರಲಿಲ್ಲ.

ಬಾವಿಯ ಒಳಗೆ ನೋಡಲಿಕ್ಕೆ ಬೆಳಕು ಬೇಕಲ್ಲ. ಮೊಬೈಲ್ ಟಾರ್ಚು ನೀರಿನ ಮೇಲೆಯೇ ನಿಂತಿತು. ಆಗ ಅಮ್ಮ ಒಳಗೆ ಹೋಗಿ ಗೋಡೆಯ ಕನ್ನಡಿ ತೆಗೆದುಕೊಂಡು ಬಂದಳು. ಅಂಗಳದ ಬಿಸಿಲಿಗೆ ಹಿಡಿದು, ಬೆಳಕನ್ನು ಓರೆ ಮಾಡಿ ಬಾವಿಗೆ ಬಿಟ್ಟಳು. ನನ್ನ ಮಕ್ಕಳು "ಓ" ಅಂದರು. ನಿಜವಾಗಿಯೂ ನೋಡುವ ಹಾಗಿತ್ತು. ಗೋಡೆಯ ಪಾಚಿ, ಕಲ್ಲಿನ ಸಂದಿಯಲ್ಲಿ ಬೆಳೆದ ಜರಿಗಿಡ, ನೀರಿನ ಒಳಗೆ ಕೆಂಪು ತಳ, ಎಲ್ಲ ಒಂದು ತಟ್ಟೆಯಷ್ಟು ಬೆಳಕಿನಲ್ಲಿ ಕಾಣುತ್ತಿತ್ತು. ಅಮ್ಮ ಕೈ ಸ್ವಲ್ಪ ಅಲ್ಲಾಡಿಸಿದರೆ ಆ ತಟ್ಟೆ ಬಾವಿಯ ಉದ್ದಕ್ಕೂ ಓಡುತ್ತಿತ್ತು. "ನಾನು ಮದುವೆಯಾಗಿ ಬಂದ ವರ್ಷ ಅತ್ತೆ ಕಲಿಸಿಕೊಟ್ಟದ್ದು" ಅಂದಳು. ಮಗ ತಾನೂ ಹಿಡಿಯುತ್ತೇನೆ ಅಂತ ಹಟ ಮಾಡಿ ಕನ್ನಡಿ ತೆಗೆದುಕೊಂಡ. ಮತ್ತೆ ಒಂದು ಗಂಟೆ ಅವನೇ ಹಿಡಿದ, ಕೈ ನೋವು ಅನ್ನಲಿಲ್ಲ.

ಮೊದಲು ಬಂದದ್ದು ಒಂದು ಪ್ಲಾಸ್ಟಿಕ್ ಬಾಲ್ದಿಯ ಹಿಡಿ. ಆಮೇಲೆ ಕೆಸರು ತುಂಬಿದ ಅಲ್ಯುಮಿನಿಯಂ ಕೊಡ. ಅದನ್ನು ನೋಡಿ ದೊಡ್ಡಮ್ಮನಿಗೆ ನಗು ಬಂತು. "ಇದು ಪಂಪು ಹಾಕಿದ ವರ್ಷ ಬಿದ್ದದ್ದು, ಹೋಗಲಿ ಅಂತ ಬಿಟ್ಟಿದ್ದೆವು." 1995ರಲ್ಲಿ ಪಂಪು ಬಂದ ಮೇಲೆ ಆ ಬಾವಿಯಲ್ಲಿ ಯಾರೂ ಕೈಯಿಂದ ನೀರು ಸೇದಿದ್ದಿಲ್ಲ. ಕೆಸರು ತೆಗೆಯುವವರನ್ನೂ ಇಳಿಸಿದ್ದಿಲ್ಲ. ಮೊದಲೆಲ್ಲ ಇಳಿಸುವ ಮುಂಚೆ ಉರಿಯುವ ದೀಪವನ್ನು ಬಳ್ಳಿಯಲ್ಲಿ ಕೆಳಗೆ ಬಿಡುತ್ತಿದ್ದರು. ದೀಪ ನಂದಿದರೆ ಕೆಳಗೆ ಒಳ್ಳೆ ಗಾಳಿ ಇಲ್ಲ ಅಂತ, ಇಳಿಯುತ್ತಿರಲಿಲ್ಲ. ಅಣ್ಣ ಅದನ್ನೆಲ್ಲ ಮಕ್ಕಳಿಗೆ ಹೇಳುತ್ತ ಬಳ್ಳಿ ಎಳೆಯುತ್ತಿದ್ದ.

ಮೂರನೆಯ ಸಲ ಬಳ್ಳಿ ಬಿಗಿಯಾಯಿತು. ಭಾರ ಜಾಸ್ತಿ ಇರಲಿಲ್ಲ. ಮೇಲೆ ಬಂದದ್ದು ಒಂದು ಕಪ್ಪು ಮುದ್ದೆ. ಅದರಿಂದ ಒಂದು ಹಗ್ಗ ಹೊರಟು ಕೊಕ್ಕೆಗೆ ಸಿಕ್ಕಿಕೊಂಡಿತ್ತು. ಅಣ್ಣ ಕಟ್ಟೆಯ ಮೇಲೆ ಇಟ್ಟ. ದೊಡ್ಡಮ್ಮ ಒಂದು ಚೊಂಬು ನೀರು ಹೊಯ್ದರು. ಕೆಸರು ಇಳಿಯಿತು. ಮೊದಲು ಕಂಡದ್ದು ಕೊಳವೆ. ಆಮೇಲೆ ಹೊಟ್ಟೆ, ಆಮೇಲೆ ಅಗಲದ ಬಾಯಿ.

ಅಜ್ಜಿಯ ಗಿಂಡಿ.

ಯಾರೂ ಮಾತಾಡಲಿಲ್ಲ. ಅಮ್ಮ ಕೂತುಬಿಟ್ಟಳು. ದೊಡ್ಡಮ್ಮ ಗಿಂಡಿಯನ್ನು ತಿರುಗಿಸಿ ಅಡಿ ನೋಡಿದರು. ಅಜ್ಜಿಯ ತವರಿನ ಮನೆಯ ಹೆಸರಿನ ಮೊದಲಕ್ಷರ ಚುಕ್ಕಿ ಚುಕ್ಕಿಯಾಗಿ ಕೆತ್ತಿದ್ದು ಇನ್ನೂ ಇತ್ತು. ನಾನು ನೋಡಿದ್ದು ಅದನ್ನಲ್ಲ. ಕುತ್ತಿಗೆಗೆ ಕಟ್ಟಿದ ಹಗ್ಗವನ್ನು ನೋಡಿದೆ. ನೀಲಿ ನೈಲಾನ್ ಹಗ್ಗ, ಕಿರುಬೆರಳಿನಷ್ಟು ದಪ್ಪ. ದೊಡ್ಡಪ್ಪ ಮಲ್ಪೆ ಬಂದರಿನಿಂದ ಒಂದು ಸುರುಳಿ ತಂದಿದ್ದರು, ಕರು ಕಟ್ಟಲಿಕ್ಕೆ. ಉಳಿದ ತುಂಡುಗಳಲ್ಲಿ ನಾವು ಮಕ್ಕಳು ಆಡುತ್ತಿದ್ದೆವು. ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಅಣ್ಣನೂ ಹಗ್ಗವನ್ನೇ ನೋಡುತ್ತಿದ್ದ. ಒಮ್ಮೆ ನನ್ನ ಮುಖ ನೋಡಿ ಆಚೆ ತಿರುಗಿದ.

ಬೈಲಿನ ಅಕ್ಕ

1994ರ ದಸರಾ ರಜೆ. ನಾನು, ತಮ್ಮ, ಅಣ್ಣ, ಅವನ ತಂಗಿ, ನಾಲ್ವರೂ ಅಜ್ಜಿ ಮನೆಯಲ್ಲಿದ್ದೆವು. ನನಗೆ ಹನ್ನೊಂದು. ಮಳೆ ಮುಗಿದಿದ್ದರೂ ಬಾವಿಯಲ್ಲಿ ನೀರು ಮೇಲೆಯೇ ಇತ್ತು. ಗಿಂಡಿ ಇರುತ್ತಿದ್ದದ್ದು ಜಗಲಿಯ ಮೂಲೆಯಲ್ಲಿ. ಬೆಳಿಗ್ಗೆ ತುಂಬಿಸಿಟ್ಟರೆ ಬಂದವರೆಲ್ಲ ಅದರ ಕೊಳವೆಯಿಂದ ಕಾಲಿಗೆ ನೀರು ಬಿಟ್ಟುಕೊಂಡು ಒಳಗೆ ಬರುತ್ತಿದ್ದರು. ಅಜ್ಜಿಗೆ ಮದುವೆಯಲ್ಲಿ ತವರಿನಿಂದ ಬಂದದ್ದು. ಒಂದು ದಿನ ಸಂಜೆ ಅದು ಇರಲಿಲ್ಲ.

ಮನೆ ಕೆಲಸಕ್ಕೆ ಬರುತ್ತಿದ್ದವರನ್ನು ನಾವು ಬೈಲಿನ ಅಕ್ಕ ಅಂತ ಕರೆಯುತ್ತಿದ್ದೆವು. ಬೈಲಿನ ಆಚೆ ಅವರ ಮನೆ. ಆಗ ಮೂವತ್ತೈದರ ಆಸುಪಾಸು ಇರಬೇಕು. ಪಾತ್ರೆ ತೊಳೆಯುವುದು, ಭತ್ತ ಬೇಯಿಸುವುದು, ಬೇಸಿಗೆಯಲ್ಲಿ ಹಪ್ಪಳ ಒತ್ತುವುದು ಎಲ್ಲ ಅವರದ್ದೇ. ನನಗೆ ಜಡೆ ಹಾಕಿಕೊಟ್ಟದ್ದೂ ಅವರೇ. ಗಿಂಡಿಯನ್ನು ವಾರಕ್ಕೊಮ್ಮೆ ಹುಣಸೆ ಹುಳಿ ಮತ್ತು ಬೂದಿ ಹಾಕಿ ತಿಕ್ಕುತ್ತಿದ್ದರು. ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದರೆ ಕಣ್ಣು ಕುಕ್ಕುತ್ತಿತ್ತು. ಗಿಂಡಿ ಕಾಣೆಯಾಗುವ ಎರಡು ದಿನ ಮೊದಲು ಅವರು ಅಜ್ಜಿಯ ಹತ್ತಿರ ಐವತ್ತು ರೂಪಾಯಿ ಕೇಳಿದ್ದರು. ಮಗಳಿಗೆ ಜ್ವರ ಅಂತ. ಅಜ್ಜಿ ಕೊಟ್ಟಿದ್ದರು ಕೂಡ. ಅಷ್ಟೇ ವಿಷಯ. ಅದರಿಂದ ಮುಂದಿನದೆಲ್ಲ ಆಯಿತು.

ಒಂದು ಸಂಜೆಯನ್ನು ನಾನು ಮರೆತಿಲ್ಲ. ಅಕ್ಕ ಕೆಲಸ ಮುಗಿಸಿ ಬಟ್ಟೆ ಚೀಲ ಹಿಡಿದು ಹೊರಟಿದ್ದರು. ಅಜ್ಜಿ ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತದೆ ಕೇಳಿದರು: "ಚೀಲದಲ್ಲಿ ಎಂತ?" ಸಿಟ್ಟಿನ ಧ್ವನಿ ಅಲ್ಲ. ದಿನಾ ಕೇಳುವ ಧ್ವನಿ. ಅಕ್ಕ ಏನೂ ಹೇಳಲಿಲ್ಲ. ಚೀಲವನ್ನು ಜಗಲಿಯ ಮೇಲೆ ಬೋರಲು ಮಾಡಿದರು. ಬೊಗಸೆಯಷ್ಟು ತೊಂಡೆಕಾಯಿ ಉರುಳಿತು. ಬೆಳಿಗ್ಗೆ ಅಜ್ಜಿಯೇ ಕೊಟ್ಟದ್ದು. ಮಡಚಿದ ಹಳೆ ಪೇಪರ್. ಹಲ್ಲು ಮುರಿದ ಒಂದು ಕೆಂಪು ಬಾಚಣಿಗೆ. ಅಷ್ಟೇ. ಅಜ್ಜಿ "ಸರಿ, ಹೊತ್ತಾಯ್ತು, ಹೋಗು" ಅಂದರು. ಅಕ್ಕ ಒಂದೊಂದೇ ತೊಂಡೆಕಾಯಿ ಹೆಕ್ಕಿದರು. ಒಂದು ನನ್ನ ಕಾಲ ಹತ್ತಿರ ಬಂದಿತ್ತು. ನಾನು ಹೆಕ್ಕಿ ಕೊಟ್ಟೆ. ಅವರು ತೆಗೆದುಕೊಂಡರು, ನನ್ನ ಮುಖ ನೋಡಲಿಲ್ಲ.

ಮರುದಿನದಿಂದ ಅಜ್ಜಿ ಪಾತ್ರೆಗಳನ್ನು ಎಣಿಸಿ ಇಡಲಿಕ್ಕೆ ಶುರು ಮಾಡಿದರು. ಒಳಕೋಣೆಗೆ ಚಿಲಕ ಬಿತ್ತು. ಅಕ್ಕ ಮತ್ತೂ ಎರಡು ವಾರ ಬಂದರು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಬರಲಿಲ್ಲ. ಪ್ರತಿ ವರ್ಷ ಬಚ್ಚಲು ತಿಕ್ಕಿ ತೊಳೆದು, ಹಂಡೆಗೆ ಶೇಡಿ ಬಳಿದು, ಹಿಂಡ್ಲೆಕಾಯಿ ಬಳ್ಳಿ ಸುತ್ತುವುದು ಅವರ ಕೈಯ ಕೆಲಸ. ಆ ವರ್ಷ ದೊಡ್ಡಮ್ಮ ಮಾಡಿದರಂತೆ. ಅಕ್ಕ ಮತ್ತೆ ಬರಲೇ ಇಲ್ಲ. ಯಾಕೆ ಬರುವುದಿಲ್ಲ ಅಂತ ಮನೆಯಿಂದ ಯಾರೂ ಹೋಗಿ ಕೇಳಲಿಲ್ಲ.

ಇದರಲ್ಲಿ ನನ್ನನ್ನು ಕೊರೆಯುವುದು ಒಂದೇ. ಅವರನ್ನು ಯಾರೂ ಕಳ್ಳಿ ಅನ್ನಲಿಲ್ಲ. ಆ ಶಬ್ದ ನಮ್ಮ ಮನೆಯಲ್ಲಿ ಒಂದು ಸಲವೂ ಬರಲಿಲ್ಲ. ಅಜ್ಜಿ ಸಾಯುವವರೆಗೂ "ಗಿಂಡಿ ಹೋಯಿತು" ಅಂತಲೇ ಹೇಳುತ್ತಿದ್ದರು. "ಯಾರು ಕೊಂಡು ಹೋದರು" ಅಂತ ಕೇಳಿದರೆ ಸುಮ್ಮನಾಗುತ್ತಿದ್ದರು. ಆ ಮೌನ ಸಾಕಾಗಿತ್ತು. ನೆಂಟರು ಬಂದಾಗ, ಮದುವೆ ಮನೆಗಳಲ್ಲಿ, ಗಿಂಡಿಯ ಮಾತು ಬಂದರೆ ಎಲ್ಲರೂ ಒಮ್ಮೆ ಬೈಲಿನ ಕಡೆ ನೋಡುತ್ತಿದ್ದರು. ಬೈದಿದ್ದರೆ ಬೈದದ್ದನ್ನು ಹಿಂದೆ ತೆಗೆದುಕೊಳ್ಳಬಹುದಿತ್ತು. "ತಪ್ಪಾಯ್ತು, ಅವತ್ತು ಹೀಗೆ ಹೇಳಿದ್ದೆವು" ಅಂತ ಹೋಗಿ ಹೇಳಬಹುದಿತ್ತು. ಯಾರೂ ಆಡದ ಮಾತನ್ನು ಹಿಂದೆ ತೆಗೆದುಕೊಳ್ಳುವುದು ಹೇಗೆ?

ಇನ್ನೊಂದು, ನಾವು ನಾಲ್ವರು. ಗಿಂಡಿಗೆ ಹಗ್ಗ ಕಟ್ಟಿ ಬಾವಿಗೆ ಬಿಟ್ಟವರು ನಮ್ಮಲ್ಲೇ ಯಾರೋ. ನನಗೆ ನೆನಪಿಲ್ಲ. ಇದನ್ನು ಎಷ್ಟು ಸಲ ನನಗೆ ನಾನೇ ಕೇಳಿಕೊಂಡಿದ್ದೇನೆ. ಬಾವಿಕಟ್ಟೆಯ ಹತ್ತಿರ ಆಡಬಾರದು ಅಂತ ಕಟ್ಟುನಿಟ್ಟು ಇತ್ತು. ಆಡಿದ್ದು ಗೊತ್ತಾದರೆ ಬೆನ್ನಿಗೆ ಬೀಳುತ್ತಿತ್ತು. ಹೆದರಿ ಯಾರೋ ಬಾಯಿ ಮುಚ್ಚಿದ್ದಾರೆ. ಅದು ನಾನೇ ಇದ್ದೀತಾ? ಆ ತೊಂಡೆಕಾಯಿ ಹೆಕ್ಕಿ ಕೊಡುವಾಗ ನನಗೆ ಗೊತ್ತಿತ್ತಾ? ಅವತ್ತು ಮಧ್ಯಾಹ್ನ ತಮ್ಮನಿಗೆ ಫೋಟೋ ಕಳಿಸಿದೆ. ಅವನು ಬೆಂಗಳೂರಿನಲ್ಲಿ ಇರುವುದು. ನೋಡಿದ್ದಾನೆ ಅಂತ ನೀಲಿ ಗುರುತು ಬಂತು. ಒಂದು ಗಂಟೆ ಉತ್ತರ ಇಲ್ಲ. ಆಮೇಲೆ ಒಂದೇ ಸಾಲು: "ಆ ಗಂಟು ನನ್ನದಿರಬಹುದು. ಸ್ಕೌಟ್ಸಲ್ಲಿ ಕಲಿತದ್ದು." ಮತ್ತೆ ಐದು ನಿಮಿಷ ಬಿಟ್ಟು: "ಗಂಟು ಹಾಕಿದ್ದು ನಾನಾದರೂ ಬಿಟ್ಟದ್ದು ಯಾರು ಅಂತ ಗೊತ್ತಿಲ್ಲ ಅಕ್ಕ."

ಆ ರಾತ್ರಿ

ಕೀ ಸಿಕ್ಕಿದ್ದು ಸಂಜೆ ನಾಲ್ಕಕ್ಕೆ. ಕೊಕ್ಕೆಗೆ ಅಷ್ಟು ಸಣ್ಣದು ಸಿಗುವುದಿಲ್ಲ. ಅಣ್ಣ ಹಳೇ ಸ್ಪೀಕರ್ ಬಿಚ್ಚಿ ಅದರ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಇಳಿಸಿದ. ಗೊಂಚಲಿನ ಸ್ಟೀಲ್ ಬಳೆ ಅಂಟಿಕೊಂಡು ಬಂತು. ಬಟನ್ ಕೆಲಸ ಮಾಡಲಿಲ್ಲ, ಆದರೆ ಕೀ ಹಾಕಿ ತಿರುಗಿಸಿದರೆ ಕಾರು ಸ್ಟಾರ್ಟ್ ಆಯಿತು. ಹೊರಡಬಹುದಿತ್ತು. ದೊಡ್ಡಮ್ಮ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು "ಇವತ್ತೊಂದು ರಾತ್ರಿ ನಿಲ್ಲಿ" ಅಂದರು. ಅವರು ಹಾಗೆ ಕೇಳಿದ್ದು ನನಗೆ ನೆನಪಿಲ್ಲ. ನಾವು ನಿಂತೆವು.

ರಾತ್ರಿ ಚಾವಡಿಯಲ್ಲಿ ಚಾಪೆ ಹಾಸಿ ಎಲ್ಲ ಸಾಲಾಗಿ ಮಲಗಿದೆವು, ಮೊದಲಿನ ಹಾಗೆ. ಗುಡುಗು ಕೇಳುತ್ತಿತ್ತು, ಮಳೆ ಬರಲಿಲ್ಲ. ಹಂಚಿನ ನಡುವಿನ ಗಾಜಿನಿಂದ ಮಿಂಚು ಬಂದಾಗಲೆಲ್ಲ ಗೋಡೆಯ ಹತ್ತಿರ ಇಟ್ಟ ಗಿಂಡಿ ಕಾಣುತ್ತಿತ್ತು. ಮಕ್ಕಳು ನಿದ್ದೆ ಹೋದ ಮೇಲೆ ಮಾತು ಶುರುವಾಯಿತು.

ದೊಡ್ಡಮ್ಮ ಹೇಳಿದ್ದು, ನಾಳೆ ಹೋಗಿ ಅವಳಿಗೆ ಹೇಳಬೇಕು ಅಂತ. ಅಮ್ಮನಿಗೆ ಅದು ಸರಿ ಕಾಣಲಿಲ್ಲ. "ಮೂವತ್ತು ವರ್ಷ ಆಯ್ತು. ಅವಳು ಮರೆತಿರಬಹುದು. ಈಗ ನಾವು ಹೋಗಿ ಹೇಳಿದರೆ, ಇಷ್ಟು ವರ್ಷ ನಿನ್ನನ್ನು ಹಾಗೇ ನೋಡ್ತಿದ್ದೆವು ಅಂತ ಹೇಳಿದ ಹಾಗೆ ಆಗ್ತದೆ. ನಮಗೆ ಹಗುರ ಆಗಬಹುದು, ಅವಳಿಗೆ?" ಅಮ್ಮನ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ತಪ್ಪು ಒಪ್ಪಿಕೊಳ್ಳುವುದರಲ್ಲೂ ನಮ್ಮ ಸಮಾಧಾನವನ್ನೇ ನಾವು ನೋಡಿಕೊಳ್ಳುವುದು ಇದ್ದೇ ಇದೆ. ಆದರೆ ದೊಡ್ಡಮ್ಮ ಎದ್ದು ಕೂತರು. "ಅವಳು ಮರೀಲಿಲ್ಲ" ಅಂದರು. "ಚೀಲ ಬೋರಲು ಮಾಡಿದ್ದನ್ನು ನಾನು ಮರೀಲಿಲ್ಲ. ಅವಳು ಹೇಗೆ ಮರೀತಾಳೆ? ನಾನು ಆಗ ಬಾಗಿಲ ಹತ್ತಿರವೇ ಇದ್ದೆ. ಅತ್ತೆಯ ಎದುರು ಬಾಯಿ ಬರಲಿಲ್ಲ."

ದೊಡ್ಡಮ್ಮ ಅಲ್ಲಿದ್ದರು ಅಂತ ನನಗೆ ಗೊತ್ತಿರಲಿಲ್ಲ. ನನ್ನ ನೆನಪಿನಲ್ಲಿ ಆ ಜಗಲಿಯಲ್ಲಿ ಅಜ್ಜಿ, ಅಕ್ಕ, ನಾನು, ಮೂರೇ ಜನ. ಹೀಗೆ ನಾವು ಎಷ್ಟು ಜನ ಅಲ್ಲಿದ್ದೆವೋ!

ಅಜ್ಜಿಯ ಬಗ್ಗೆ ಒಂದು ಮಾತು ಹೇಳಬೇಕು. ಅವರು ಕೆಟ್ಟವರಲ್ಲ. ಹಸಿದು ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಮಗುವಿಗೆ ಜ್ವರ ಅಂದ ಕೂಡಲೇ ಐವತ್ತು ರೂಪಾಯಿ ಕೊಟ್ಟವರೂ ಅವರೇ. ಆದರೆ ಒಂದು ವಸ್ತು ಕಾಣದೆ ಹೋದಾಗ ಮನೆಯವರ ಮೇಲೆ ಅವರ ಕಣ್ಣು ಹೋಗಲಿಲ್ಲ. ಹೊರಗಿನಿಂದ ಬರುವವಳ ಮೇಲೆ ಹೋಯಿತು. ನಾವೂ ಈಗ ಫ್ಲ್ಯಾಟಿನಲ್ಲಿ ಅದನ್ನೇ ಮಾಡುತ್ತೇವೆ. ಕಿವಿಯ ಓಲೆ ಕಾಣದೆ ಹೋದರೆ ಮೊದಲು ಯಾರ ನೆನಪಾಗುತ್ತದೆ? ಹೋದ ವರ್ಷ ನನ್ನದೇ ಒಂದು ಓಲೆ ಕಾಣಲಿಲ್ಲ. ಎರಡು ದಿನ ನಾನು ನಮ್ಮ ಮನೆಗೆ ಬರುವವರ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಓಲೆ ಹಾಸಿಗೆಯ ಸಂದಿಯಲ್ಲಿ ಸಿಕ್ಕಿತು. ಅವರಿಗೆ ಗೊತ್ತಾಗಿರಲಿಕ್ಕಿಲ್ಲ ಅಂದುಕೊಂಡಿದ್ದೆ. ಈಗ ಹಾಗೆ ಅಂದುಕೊಳ್ಳಲಿಕ್ಕೆ ಆಗುವುದಿಲ್ಲ.

ಶಂಕರಪುರದ ದಾರಿಯಲ್ಲಿ

ಅಕ್ಕ ಈಗ ಬೈಲಿನ ಮನೆಯಲ್ಲಿಲ್ಲ. ಶಂಕರಪುರದ ಹತ್ತಿರ ಮಗಳ ಮನೆಯಲ್ಲಿದ್ದಾರೆ ಅಂತ ಅಣ್ಣನಿಗೆ ಗೊತ್ತಿತ್ತು. ನಮ್ಮ ದಾರಿಯಲ್ಲೇ ಸಿಗುವ ಊರು. ಎಷ್ಟು ವರ್ಷ ಅದೇ ದಾರಿಯಲ್ಲಿ ಹೋಗಿ ಬಂದಿದ್ದೇವೆ.

ಬೆಳಿಗ್ಗೆ ಒಂಬತ್ತಕ್ಕೆ ತಲುಪಿದೆವು. ಸಣ್ಣ ಮನೆ, ಹಿಂದುಗಡೆ ಮಲ್ಲಿಗೆ ತೋಟ. ಶಂಕರಪುರದ ಮಲ್ಲಿಗೆಯ ಮನೆಗಳಲ್ಲಿ ಬೆಳಗಿನ ಹೊತ್ತು ಯಾರಿಗೂ ಪುರುಸೊತ್ತು ಇರುವುದಿಲ್ಲ. ಮೊಗ್ಗು ಅರಳುವ ಮೊದಲು ಕೊಯ್ದು ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗೆ. ಕೈ ಮಾತ್ರ ಅದೇ ವೇಗ. ದೊಡ್ಡಮ್ಮನನ್ನು ನೋಡಿ ಕೈ ನಿಂತಿತು.

"ಬನ್ನಿ" ಅಂದರು. ಒಳಗೆ ಮಗಳನ್ನು ಕರೆದು ಆಸರಿಗೆ ತರಲಿಕ್ಕೆ ಹೇಳಿದರು. ಬೆಲ್ಲ, ನೀರು ಬಂತು. ನನ್ನನ್ನು ನೋಡಿ "ಇವಳು ಜಡೆಯವಳಲ್ವಾ?" ಅಂತ ಕೇಳಿದರು. ನನಗೆ ಉತ್ತರ ಹೊರಡಲಿಲ್ಲ, ತಲೆ ಅಲ್ಲಾಡಿಸಿದೆ. ಮಳೆ ಯಾವಾಗ ಶುರುವಾಗಬಹುದು, ಹೂವಿಗೆ ಈಗ ರೇಟು ಹೇಗಿದೆ, ಇಂಥ ಮಾತು ಸ್ವಲ್ಪ ಹೊತ್ತು ನಡೆಯಿತು. ದೊಡ್ಡಮ್ಮನ ಮಡಿಲಲ್ಲಿ ಬಟ್ಟೆ ಚೀಲ. ಅವರ ಬೆರಳು ಚೀಲದ ಹಿಡಿಯನ್ನು ಸುತ್ತುತ್ತಿತ್ತು, ಬಿಡುತ್ತಿತ್ತು. ಕೊನೆಗೆ ಅವರು ಏನೂ ಹೇಳದೆ ಗಿಂಡಿ ತೆಗೆದು ಅಕ್ಕನ ಎದುರು ಇಟ್ಟರು.

ಅಕ್ಕ ಮುಟ್ಟಲಿಲ್ಲ. ಮೊದಲು ನೋಡಿದರು, ತುಂಬಾ ಹೊತ್ತು. ಆಮೇಲೆ ಹೂವಿನ ಬುಟ್ಟಿ ಬದಿಗೆ ಸರಿಸಿ, ಕೈಯನ್ನು ಸೆರಗಿಗೆ ಒರಸಿ, ಗಿಂಡಿಯನ್ನು ಎತ್ತಿ ತಿರುಗಿಸಿ ಅಡಿಯ ಅಕ್ಷರ ಮುಟ್ಟಿದರು. ಹಗ್ಗದ ಮೇಲೆ ಹೆಬ್ಬೆರಳು ಆಡಿಸಿದರು.

"ಬಾವಿಯಲ್ಲಿ ಇತ್ತಾ?"

"ಹೌದು" ಅಂದರು ದೊಡ್ಡಮ್ಮ.

"ನಾನು ಬಾವಿಯನ್ನೂ ನೋಡಿದ್ದೆ" ಅಂದರು ಅಕ್ಕ. "ಹಟ್ಟಿ, ಬಚ್ಚಲು, ಬೈಹುಲ್ಲಿನ ರಾಶಿ, ಎಲ್ಲ ಹುಡುಕಿದ್ದೆ. ನೀವೆಲ್ಲ ಮಲಗಿದ ಮೇಲೆ ಒಂದು ದಿನ ಲಾಟೀನು ಹಿಡಿದು ಬಂದು ಬಾವಿಗೆ ಬಗ್ಗಿದ್ದೆ. ನೀರು ಮೇಲೆ ಇತ್ತಲ್ಲ, ಎಂತದೂ ಕಾಣಲಿಲ್ಲ."

ರಾತ್ರಿ ಬೈಲು ದಾಟಿ ಲಾಟೀನು ಹಿಡಿದು ಬಂದು, ನಾವು ನಿದ್ದೆಯಲ್ಲಿದ್ದ ಮನೆಯ ಬಾವಿಗೆ ಅವರು ಒಬ್ಬರೇ ಬಗ್ಗಿ ನಿಂತದ್ದು. ಇದನ್ನು ಬರೆಯುವಾಗಲೂ ನನ್ನ ಕೈ ನಿಲ್ಲುತ್ತಿದೆ.

ನಾನು ಹೇಳಿದೆ, "ಹಗ್ಗ ಕಟ್ಟಿದ್ದು ನಾವು ಮಕ್ಕಳು, ಅಕ್ಕ. ಯಾರು ಅಂತ ನೆನಪಿಲ್ಲ. ನಾನೂ ಇರಬಹುದು." ನಾನು ಯೋಚಿಸಿಟ್ಟದ್ದು ಇದಕ್ಕಿಂತ ಜಾಸ್ತಿ ಇತ್ತು. ಅಷ್ಟೇ ಬಂದದ್ದು. ದೊಡ್ಡಮ್ಮ ಅಕ್ಕನ ಮೊಣಕಾಲಿನ ಮೇಲೆ ಕೈ ಇಟ್ಟು, "ಅವತ್ತು ನಾನು ಬಾಗಿಲಲ್ಲಿ ಇದ್ದೆ" ಅಂದರು. ಅಕ್ಕ "ಗೊತ್ತುಂಟು" ಅಂದರು. ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ. ಪರವಾಗಿಲ್ಲ ಅಂತಲೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎರಡು ಮಾತು ನಮ್ಮಿಂದ ಹೋದ ಕೂಡಲೇ ಅವರ ಮೂವತ್ತು ವರ್ಷ ಸರಿಯಾಗಬೇಕು ಅಂತ ನಾವು ಕಾಯುವುದು ನ್ಯಾಯ ಅಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಮಗಳಿಗೆ ಹುಣಸೆ ಹುಳಿ ತರಲಿಕ್ಕೆ ಹೇಳಿದರು. "ಇದಕ್ಕೆ ಸಾಬೂನು ಹಾಕಬೇಡಿ, ಕಪ್ಪು ಹೋಗುವುದಿಲ್ಲ" ಅಂದರು. ತಿಕ್ಕಲಿಕ್ಕೆ ಅಂತ ಕೈ ಮುಂದೆ ಮಾಡಿದಾಗ ದೊಡ್ಡಮ್ಮ ಗಿಂಡಿಯನ್ನು ತಮ್ಮ ಕಡೆ ಎಳೆದುಕೊಂಡರು. "ನೀನು ಬೇಡ, ನಾನು ತಿಕ್ಕುತ್ತೇನೆ. ಹೇಗೆ ಅಂತ ಹೇಳು." ಎಪ್ಪತ್ತನಾಲ್ಕು ವರ್ಷದ ದೊಡ್ಡಮ್ಮ ಆ ಜಗಲಿಯ ಮೆಟ್ಟಿಲಲ್ಲಿ ಕೂತು ತಿಕ್ಕಿದರು. ಅಕ್ಕ ಹೂ ಕಟ್ಟುತ್ತ ಹೇಳಿಕೊಟ್ಟರು. ಕೊಳವೆಯ ಬುಡದಲ್ಲಿ ಬೆರಳು ಹಾಕಿ, ಅಲ್ಲಿ ಜಾಸ್ತಿ ಹುಳಿ ಹಾಕಿ, ಈಗ ಬೂದಿ. ಒಂದು ಕಡೆ ನಾಣ್ಯದಷ್ಟು ಜಾಗದಲ್ಲಿ ಹಳದಿ ಹೊಳಪು ಬಂತು. ಉಳಿದದ್ದು ಕಪ್ಪಾಗಿಯೇ ಇತ್ತು.

ಗಿಂಡಿಯನ್ನು ಇಟ್ಟುಕೊಳ್ಳಿ ಅಂತ ದೊಡ್ಡಮ್ಮ ಎರಡು ಸಲ ಹೇಳಿದರು. ಅಕ್ಕ ಬೇಡ ಅಂದರು. "ನನಗೆ ಯಾಕೆ, ಅದು ನಿಮ್ಮ ಮನೆಯದ್ದು." ದೀಪಾವಳಿಗೆ ಬಾ ಅಂತ ಕರೆದದ್ದಕ್ಕೆ "ಕಾಲು ಕೂಡುವುದಿಲ್ಲ, ನೋಡುವ" ಅಂದರು. ಹೊರಡುವಾಗ ನನ್ನ ಮಗಳನ್ನು ಹತ್ತಿರ ಕರೆದು, ಕಟ್ಟಿದ ಮಾಲೆಯಿಂದ ಒಂದು ಗೇಣು ಕತ್ತರಿಸಿ ಮುಡಿಸಿದರು. ಅವಳ ಕೂದಲು ಗಿಡ್ಡ, ಜಡೆ ಹಾಕುವಷ್ಟು ಇಲ್ಲ. ಪಿನ್ ಹುಡುಕಿ ಸಿಕ್ಕಿಸಿಕೊಟ್ಟರು.

ಈಗ ಆಟಿ ತಿಂಗಳು. ಮೊನ್ನೆ ದೊಡ್ಡಮ್ಮನಿಗೆ ಫೋನ್ ಮಾಡಿದ್ದೆ. ಗಿಂಡಿ ಜಗಲಿಯ ಮೂಲೆಯಲ್ಲಿ ಇದೆ, ನೀರು ತುಂಬಿಸಿ ಇಡುತ್ತಿದ್ದಾರಂತೆ. ಪಾತಾಳಗರಡಿ ವಾಪಸು ಕೊಟ್ಟು ತಂಬಿಗೆ ಬಿಡಿಸಿಕೊಂಡು ಬಂದಾಗಿದೆ. ಕಳೆದ ಭಾನುವಾರ ಅವರು ಒಬ್ಬರೇ ರಿಕ್ಷಾ ಮಾಡಿಕೊಂಡು, ಪತ್ರೊಡೆ ಕಟ್ಟಿಕೊಂಡು, ಅಕ್ಕನ ಮನೆಗೆ ಹೋಗಿ ಮಧ್ಯಾಹ್ನದವರೆಗೆ ಕೂತು ಬಂದಿದ್ದಾರೆ.

"ಎಂತ ಮಾತಾಡಿದ್ರಿ?" ಅಂತ ಕೇಳಿದೆ.

"ಮಳೆ ವಿಷಯ" ಅಂದರು. "ಮತ್ತೆ ಅವಳ ಮೊಣಕಾಲಿನ ವಿಷಯ."